ವಾರಕ್ಕೊಂದು ಸಲ ಒಂದು ಮರ: ನಮ್ಮ ಸಂಘಗಳು ವಿಜ್ಞಾನಕ್ಕೆ ಕೊಡಬಹುದಾದ ಉಳಿತಾಯ



ಜನವರಿ ಕಳೆದು ಫೆಬ್ರವರಿ ಬಂತೆಂದರೆ ನಮ್ಮ ಶಿರ್ವ, ಶಂಕರಪುರ, ಬೆಳ್ಮಣ್ಣು ಕಡೆಯ ಸಂಘಗಳಲ್ಲಿ ಉಳಿತಾಯ, ಸಾಲದ ಕಂತು ಎಲ್ಲ ಮುಗಿದ ಮೇಲೆ ಒಂದು ಮಾತು ಬಂದೇ ಬರುತ್ತದೆ. "ಈ ಸಲ ಮಾವು ಬೇಗ ಹೂ ಬಿಟ್ಟಿತು ಮಾರಾಯ್ರೆ, ಆದರೆ ಮಿಡಿ ನಿಲ್ಲಲಿಲ್ಲ." "ನಮ್ಮಲ್ಲಿ ಗುಜ್ಜೆ ಇನ್ನೂ ಕಾಣುವುದೇ ಇಲ್ಲ." "ಮಲ್ಲಿಗೆ ಅಂತೂ ಕೇಳಬೇಡಿ." ಹೀಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆದರೆ "ಮೊದಲು ಯಾವಾಗ ಹೂ ಬಿಡುತ್ತಿತ್ತು?" ಎಂದು ಕೇಳಿ ನೋಡಿ. "ಬಿಸುವಿಗೆ ಹಣ್ಣು ತಿಂದ ನೆನಪು", "ದೊಡ್ಡ ಮಗಳ ಮದುವೆಯ ವರ್ಷ ಭಾರೀ ಫಸಲು", "ಪತ್ತನಾಜೆಯ ಮೊದಲೇ ಮಳೆ ಬಂದ ವರ್ಷ" ಎಂಬ ಉತ್ತರ ಬರುತ್ತದೆ. ನೆನಪು ಸುಳ್ಳಲ್ಲ. ಆದರೆ ವರ್ಷ ಯಾವುದು, ವಾರ ಯಾವುದು ಎಂದು ಕೇಳಿದರೆ ತೋರಿಸಲು ನಮ್ಮ ಕೈಯಲ್ಲಿ ಏನೂ ಇಲ್ಲ.

ಬರೆದಿಡದ ಮಾತಿಗೆ ಹೊರಗೆ ಬೆಲೆ ಕಡಿಮೆ ಎಂಬುದು ನಮಗೆ ಹೊಸತಲ್ಲ. ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿದವರಿಗೆ ಇದು ಗೊತ್ತು. ತೋಟದಲ್ಲಿ ಎಷ್ಟು ಕೊಳೆರೋಗ ಬಂತು ಎಂದು ನಾವು ಎಷ್ಟೇ ಹೇಳಿದರೂ ಪರಿಹಾರದ ಲೆಕ್ಕ ನಡೆಯುವುದು ಮಳೆಮಾಪನದಲ್ಲಿ ದಾಖಲಾದ ಅಂಕಿಗಳ ಮೇಲೆ. ಸಂಘದಲ್ಲಿಯೂ ಹಾಗೆಯೇ. "ನಾನು ಕಟ್ಟಿದ್ದೇನೆ" ಎಂಬ ಮಾತಿಗಿಂತ ಪುಸ್ತಕದಲ್ಲಿ ಬರೆದದ್ದು ಗಟ್ಟಿ.

ಈ ಪಾಠದಲ್ಲಿ ನಾವು ನೋಡಲಿರುವುದು, ಮನೆ ಹಿತ್ತಿಲಿನ ಮರವನ್ನು ನೋಡಿ, ಕಂಡದ್ದನ್ನು ಮೊಬೈಲ್ ಆ್ಯಪ್ ಮೂಲಕ ದಾಖಲಿಸಿ, ನಾವು ಸಂಶೋಧನೆಗೆ ಹೇಗೆ ನೆರವಾಗಬಹುದು ಎಂಬುದನ್ನು. ಇದಕ್ಕೆ ನಾಗರಿಕ ವಿಜ್ಞಾನ ಎಂದು ಹೆಸರು.

ನಾಗರಿಕ ವಿಜ್ಞಾನ ಎಂದರೇನು?

ವಿಜ್ಞಾನಿಗಳು ಕೆಲವೇ ಮಂದಿ. ಮರಗಳು, ಹಕ್ಕಿಗಳು, ಊರುಗಳು ಲೆಕ್ಕವಿಲ್ಲದಷ್ಟು. ಒಂದೇ ವಾರದಲ್ಲಿ ಶಿರ್ವದ ಹಲಸನ್ನೂ ಕಾರ್ಕಳದ ಹಲಸನ್ನೂ ಕಾಸರಗೋಡಿನ ಹಲಸನ್ನೂ ಒಬ್ಬ ವಿಜ್ಞಾನಿ ಹೋಗಿ ನೋಡಲು ಸಾಧ್ಯವಿಲ್ಲ. ಆದರೆ ಆ ಮರಗಳ ಪಕ್ಕದಲ್ಲೇ ಜನರಿದ್ದಾರೆ. ಅವರೆಲ್ಲ ಒಂದೇ ಕ್ರಮದಲ್ಲಿ ನೋಡಿ ಬರೆದರೆ, ಯಾವ ಪ್ರಯೋಗಾಲಯವೂ ಒಬ್ಬಂಟಿಯಾಗಿ ಸಂಗ್ರಹಿಸಲಾಗದಷ್ಟು ಮಾಹಿತಿ ಸೇರುತ್ತದೆ. ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ಉಳಿತಾಯದ ಬಗ್ಗೆ ನಾವು ಎಷ್ಟೋ ಸಲ ಹೇಳಿದ್ದೇವೆ. ಇಲ್ಲಿಯೂ ಅದೇ ಗಾದೆ ಕೆಲಸ ಮಾಡುತ್ತದೆ.

ಇದಕ್ಕೆ ಡಿಗ್ರಿ ಬೇಡ, ಇಂಗ್ಲಿಷ್ ಬೇಡ. ನಾಲ್ಕು ಬೇಕು: ನೋಡುವ ಕಣ್ಣು, ತಪ್ಪದ ವಾರ, ಒಂದು ಪುಸ್ತಕ, ಮತ್ತು ಕಂಡಷ್ಟನ್ನೇ ಬರೆಯುವ ಪ್ರಾಮಾಣಿಕತೆ.

ಸಣ್ಣ ಬರಹ ದೊಡ್ಡದಾದ ಕಥೆ

ಜಪಾನಿನ ಕ್ಯೋಟೋ ನಗರದಲ್ಲಿ ಚೆರಿ ಮರದ ಹೂ ಅರಳುವುದು ಒಂದು ಹಬ್ಬ. ಅಲ್ಲಿನ ಅರಮನೆಯವರು, ಮಠದ ಸನ್ಯಾಸಿಗಳು "ಇವತ್ತು ಹೂ ಪೂರ್ತಿ ಅರಳಿದೆ" ಎಂದು ತಮ್ಮ ದಿನಚರಿಯಲ್ಲಿ ಬರೆಯುತ್ತಿದ್ದರು. ವಿಜ್ಞಾನಕ್ಕೆ ಬೇಕೆಂದು ಅವರು ಬರೆದದ್ದಲ್ಲ. ಆದರೆ ಅಂಥ ಬರಹಗಳನ್ನು ಕೂಡಿಸಿದಾಗ 1,200 ವರ್ಷಗಳ ಲೆಕ್ಕ ಸಿಕ್ಕಿತು. 2021ರಲ್ಲಿ ಅಲ್ಲಿ ಮಾರ್ಚ್ 26ಕ್ಕೇ ಹೂ ಪೂರ್ತಿ ಅರಳಿದಾಗ, ಇಷ್ಟು ಬೇಗ ಅರಳಿದ ಇನ್ನೊಂದು ವರ್ಷ ಆ ದಾಖಲೆಗಳಲ್ಲಿ ಇಲ್ಲ ಎಂದು ಖಚಿತವಾಗಿ ಹೇಳಲು ಸಾಧ್ಯವಾಯಿತು. ಭೂಮಿ ಬಿಸಿಯಾಗುತ್ತಿದೆ ಎಂಬುದಕ್ಕೆ ಜಗತ್ತು ತೋರಿಸುವ ಸಾಕ್ಷಿಗಳಲ್ಲಿ ಆ ಹಳೆಯ ದಿನಚರಿಗಳೂ ಸೇರಿವೆ.

ಇಂಗ್ಲೆಂಡಿನಲ್ಲಿ ರಾಬರ್ಟ್ ಮಾರ್ಷಮ್ ಎಂಬವರು 1736ರಿಂದ ತಮ್ಮ ಜಮೀನಿನಲ್ಲಿ ಮೊದಲ ಹೂ, ಮೊದಲ ಚಿಗುರು, ಮೊದಲು ಕೂಗಿದ ಹಕ್ಕಿ ಯಾವ ದಿನ ಎಂದು ಬರೆದಿಟ್ಟರು. ಅವರ ಮನೆಯವರು ತಲೆಮಾರಿನಿಂದ ತಲೆಮಾರಿಗೆ 1958ರವರೆಗೂ ಅದನ್ನು ನಡೆಸಿಕೊಂಡು ಬಂದರು.

ನಮ್ಮ ದೇಶದ ಉದಾಹರಣೆಯನ್ನು ನೋಡೋಣ. ಹಕ್ಕಿ ನೋಡುವವರು ತಾವು ಕಂಡ ಹಕ್ಕಿಗಳನ್ನು ದಾಖಲಿಸಲು ಇ-ಬರ್ಡ್ ಎಂಬ ವ್ಯವಸ್ಥೆ 2002ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಮನೆಯ ಸುತ್ತಲಿನ ಹಕ್ಕಿ ಎಣಿಸುವ ಕಾರ್ಯಕ್ರಮಕ್ಕೆ ಭಾರತ 2013ರಿಂದ ಸೇರಿಕೊಂಡಿದೆ. ಹೀಗೆ ಸುಮಾರು 30,000 ಮಂದಿ ದಾಖಲಿಸಿದ 3 ಕೋಟಿ ಮಾಹಿತಿಗಳನ್ನು ಇಟ್ಟುಕೊಂಡು 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಪ್ರಕಟವಾಯಿತು. 942 ಜಾತಿಯ ಹಕ್ಕಿಗಳನ್ನು ಅದರಲ್ಲಿ ಪರಿಶೀಲಿಸಿದ್ದಾರೆ. 178 ಜಾತಿಗಳಿಗೆ ತುರ್ತಾಗಿ ರಕ್ಷಣೆ ಬೇಕೆಂದು ಗುರುತಿಸಿದ್ದಾರೆ. ನವಿಲಿನ ಕಾಟ ಜಾಸ್ತಿಯಾಗಿದೆ ಎಂದು ತರಕಾರಿ ಬೆಳೆಯುವವರು ಹೇಳುತ್ತಿರುತ್ತೀರಿ. ನವಿಲುಗಳು ದೇಶದಲ್ಲಿ ಹೆಚ್ಚುತ್ತಿವೆ ಎಂದು ಈ ವರದಿಯೂ ಹೇಳಿದೆ. ಇನ್ನೊಂದು ಕಡೆ, ಗುಬ್ಬಚ್ಚಿ ಎಲ್ಲ ಕಡೆ ನಾಶವಾಯಿತು ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. 2020ರ ವರದಿಯ ಪ್ರಕಾರ ದೊಡ್ಡ ನಗರಗಳಲ್ಲಿ ಅದು ಕಡಿಮೆಯಾಗಿದೆ, ಒಟ್ಟು ದೇಶದಲ್ಲಿ ಹೆಚ್ಚುಕಡಿಮೆ ಹಾಗೆಯೇ ಇದೆ. ಲೆಕ್ಕ ಇದ್ದರೆ ಕೆಲವೊಮ್ಮೆ ನಮ್ಮ ಮಾತು ನಿಜ ಎಂದು ಗೊತ್ತಾಗುತ್ತದೆ, ಕೆಲವೊಮ್ಮೆ ತಿದ್ದಿಕೊಳ್ಳಬೇಕಾಗುತ್ತದೆ. ಎರಡೂ ಒಳ್ಳೆಯದೇ.

ನಮಗೆ ಹೊಂದುವ ಆ್ಯಪ್: ಸೀಸನ್‌ವಾಚ್

ಹಕ್ಕಿಯನ್ನು ಗುರುತಿಸಲು ಸ್ವಲ್ಪ ಅಭ್ಯಾಸ ಬೇಕು, ಅದು ಹಾರಿಹೋಗುತ್ತದೆ. ಮರ ನಿಂತಲ್ಲೇ ಇರುತ್ತದೆ. ಅದಕ್ಕಾಗಿ ನಮ್ಮ ಸಂಘಗಳಿಗೆ ಮರ ನೋಡುವ ಕೆಲಸ ಹೆಚ್ಚು ಸುಲಭ.

ಸೀಸನ್‌ವಾಚ್ ಎಂಬುದು 2010ರಲ್ಲಿ ಆರಂಭವಾದ ಯೋಜನೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸಂಸ್ಥೆಯ ಕೆಲಸ ಇದು. ನಮ್ಮ ದೇಶದ ಮರಗಳು ಯಾವಾಗ ಚಿಗುರುತ್ತವೆ, ಯಾವಾಗ ಹೂ ಬಿಡುತ್ತವೆ, ಯಾವಾಗ ಹಣ್ಣಾಗುತ್ತವೆ, ಇದು ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆ ಎಂದು ತಿಳಿಯುವುದು ಇದರ ಉದ್ದೇಶ. ಹಲಸು, ಮಾವು, ಹುಣಸೆ, ನೇರಳೆ, ನೆಲ್ಲಿ, ಬೇವು, ಹೊಂಗೆ, ಕಕ್ಕೆ ಮುಂತಾದ ಮರಗಳು ಇದರ ಪಟ್ಟಿಯಲ್ಲಿವೆ. ನಮ್ಮ ಹಿತ್ತಿಲಿನಲ್ಲಿ ಇವುಗಳಲ್ಲಿ ಒಂದಾದರೂ ಇಲ್ಲದ ಮನೆ ಕಡಿಮೆ.

ಈ ಯೋಜನೆಗೆ ಅತಿ ಹೆಚ್ಚು ಮಾಹಿತಿ ಬಂದಿರುವುದು ನೆರೆಯ ಕೇರಳದಿಂದ. ಅದನ್ನು ಕಳುಹಿಸಿದವರಲ್ಲಿ ಹೆಚ್ಚಿನವರು ಶಾಲೆಯ ಮಕ್ಕಳು ಮತ್ತು ಅವರ ಶಿಕ್ಷಕರು. ಅಲ್ಲಿ ವಿಷುವಿಗೆ ಕಣಿ ಇಡಲು ಕಕ್ಕೆ ಹೂ ಬೇಕು. ಹೂ ಈಗೀಗ ವಿಷುವಿಗೆ ಮೊದಲೇ ಅರಳಿ ಉದುರಿಹೋಗುತ್ತದೆ ಎಂದು ಅಲ್ಲಿಯ ಹಿರಿಯರು ಹೇಳುತ್ತಾರೆ. ಹೌದೋ ಅಲ್ಲವೋ ಎಂದು ನೋಡಲು ಮಕ್ಕಳು ವಾರ ವಾರ ಬರೆದ ಲೆಕ್ಕ ಅಲ್ಲಿ ಇದೆ. ನಮ್ಮ ಕಡೆ ಬಿಸುವಿನ ಬಗ್ಗೆ ಅದೇ ಪ್ರಶ್ನೆ ಬಂದರೆ ತೆರೆದು ನೋಡಲು ಪುಸ್ತಕ ಎಲ್ಲಿದೆ? ಮಕ್ಕಳು ಮಾಡಿದ ಕೆಲಸ ತಾಯಂದಿರಿಗೆ ಕಷ್ಟವಾಗಲಾರದು.

ಹೇಗೆ ಮಾಡುವುದು?

1. ಮರವನ್ನು ಆರಿಸಿ. ದಿನಾ ಕಣ್ಣಿಗೆ ಬೀಳುವ ಮರವಾಗಲಿ. ಬಾವಿಕಟ್ಟೆಯ ಹತ್ತಿರದ ಹಲಸು, ಬಸ್ ನಿಲ್ದಾಣದ ಪಕ್ಕದ ಮಾವು, ಯಾವುದಾದರೂ ಆಗಬಹುದು. ಒಮ್ಮೆ ಆರಿಸಿದ ಮೇಲೆ ಅದೇ ಮರ. ಈ ವಾರ ಹೂ ಇಲ್ಲವೆಂದು ಹೂ ಇರುವ ಬೇರೆ ಮರಕ್ಕೆ ಹೋಗಬಾರದು.

2. ಆ್ಯಪ್ ಹಾಕಿಕೊಳ್ಳಿ. ಸ್ಮಾರ್ಟ್ ಫೋನಿನ ಪ್ಲೇ ಸ್ಟೋರಿನಲ್ಲಿ ಸೀಸನ್‌ವಾಚ್ ಎಂದು ಹುಡುಕಿ ಇಳಿಸಿಕೊಳ್ಳಿ. ಹೆಸರು ನೋಂದಾಯಿಸುವಾಗ ಕಾಲೇಜಿಗೆ ಹೋಗುವ ಮಗಳ ಅಥವಾ ಸೊಸೆಯ ನೆರವು ಪಡೆಯಿರಿ. ಆಮೇಲೆ ಮರವನ್ನು ಸೇರಿಸಬೇಕು. ಅದು ಯಾವ ಮರ, ಎಲ್ಲಿದೆ ಎಂಬ ವಿವರ ಕೇಳುತ್ತದೆ. ಎಲ್ಲರ ಬಳಿ ಇಂಥ ಫೋನ್ ಇರಬೇಕಾಗಿಲ್ಲ. ಸಂಘದಲ್ಲಿ ಒಬ್ಬರ ಫೋನ್ ಇದ್ದರೂ ಸಾಕು, ಉಳಿದವರು ಪುಸ್ತಕದಲ್ಲಿ ಬರೆದು ತರಬಹುದು.

3. ವಾರಕ್ಕೊಮ್ಮೆ ನೋಡಿ. ಮರದ ಕೆಳಗೆ ನಿಂತು, ಸುತ್ತ ಒಂದು ಸುತ್ತು ಬಂದು, ತಲೆ ಎತ್ತಿ ನೋಡಿ. ಎರಡು ನಿಮಿಷದ ಕೆಲಸ. ಎಲೆ, ಹೂ, ಕಾಯಿ ಮೂರನ್ನೂ ಗಮನಿಸಬೇಕು. ಎಲೆಯಲ್ಲಿ ಚಿಗುರೆಲೆ, ಬಲಿತ ಎಲೆ, ಹಣ್ಣೆಲೆ. ಹೂವಿನಲ್ಲಿ ಮೊಗ್ಗು, ಅರಳಿದ ಹೂ. ಕಾಯಿಯಲ್ಲಿ ಎಳೆಯದು, ಹಣ್ಣಾದದ್ದು.

4. ಎಷ್ಟಿದೆ ಎಂದು ಬರೆಯಿರಿ. ಒಂದೊಂದಾಗಿ ಎಣಿಸುವ ಅಗತ್ಯವಿಲ್ಲ. ಮರದ ತಲೆಯನ್ನು ಮನಸ್ಸಿನಲ್ಲಿ ಮೂರು ಪಾಲು ಮಾಡಿ. ಏನೂ ಇಲ್ಲದಿದ್ದರೆ "ಇಲ್ಲ". ಒಂದು ಪಾಲಿಗಿಂತ ಕಡಿಮೆ ಇದ್ದರೆ "ಕೆಲವು". ಒಂದು ಪಾಲಿಗಿಂತ ಜಾಸ್ತಿ ಇದ್ದರೆ "ಹಲವು". ಇಷ್ಟೇ.

5. ಮೊದಲು ಪುಸ್ತಕ, ಆಮೇಲೆ ಫೋನ್. ನೆಟ್‌ವರ್ಕ್ ಸಿಗದಿದ್ದರೂ ಫೋನ್ ಕೆಟ್ಟರೂ ಪುಸ್ತಕ ಉಳಿಯುತ್ತದೆ.

ಹಲಸನ್ನು ಆರಿಸಿದವರಿಗೆ ಒಂದು ಮಾತು. ಹಲಸಿನಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಗಂಡು ಹೂ ಸ್ವಲ್ಪ ದಿನ ಇದ್ದು ಕಪ್ಪಾಗಿ ಉದುರುತ್ತದೆ. ಅದನ್ನು ನೋಡಿ "ಗುಜ್ಜೆ ಎಲ್ಲ ಉದುರಿತು" ಎಂದು ಬರೆಯಬೇಡಿ. ಹೆಣ್ಣು ಹೂವೇ ಬೆಳೆದು ಗುಜ್ಜೆಯಾಗುವುದು.

ಒಂದು ಮಾದರಿ ಪುಟ

ಉದಾಹರಣೆಗೆ, ಒಂದು ಮಾವಿನ ಮರದ ಪುಟ ಹೀಗಿದೆ ಎಂದು ಇಟ್ಟುಕೊಳ್ಳೋಣ.

ಜನವರಿ 1ನೇ ವಾರ: ಮೊಗ್ಗು ಕೆಲವು, ಅರಳಿದ ಹೂ ಇಲ್ಲ, ಕಾಯಿ ಇಲ್ಲ.
ಜನವರಿ 2ನೇ ವಾರ: ಮೊಗ್ಗು ಹಲವು, ಅರಳಿದ ಹೂ ಕೆಲವು, ಕಾಯಿ ಇಲ್ಲ.
ಜನವರಿ 3ನೇ ವಾರ: ನೋಡಲಿಲ್ಲ.
ಜನವರಿ 4ನೇ ವಾರ: ಮೊಗ್ಗು ಕೆಲವು, ಅರಳಿದ ಹೂ ಹಲವು, ಕಾಯಿ ಇಲ್ಲ. ಗುರುವಾರ ರಾತ್ರಿ ಮಳೆ.
ಫೆಬ್ರವರಿ 1ನೇ ವಾರ: ಮೊಗ್ಗು ಇಲ್ಲ, ಅರಳಿದ ಹೂ ಕೆಲವು, ಮಿಡಿ ಕೆಲವು.

ಮೂರನೇ ವಾರ ಬರೆದವರು ತವರಿಗೆ ಹೋಗಿದ್ದರು ಎಂದುಕೊಳ್ಳಿ. ಆದರೂ ಈ ಪುಟ ಕೆಲಸಕ್ಕೆ ಬರುತ್ತದೆ. ಹೂ ಜೋರಾಗಿ ಅರಳಿದ್ದು ಎರಡನೇ ವಾರ ಮತ್ತು ನಾಲ್ಕನೇ ವಾರದ ನಡುವೆ ಎಂದು ತಿಳಿಯುತ್ತದೆ. ಬದಲಿಗೆ "ಹೇಗೂ ಇದ್ದಿರಬಹುದು" ಎಂದು ಊಹಿಸಿ ಮೂರನೇ ವಾರಕ್ಕೆ "ಹಲವು" ಎಂದು ತುಂಬಿಸಿದ್ದರೆ? ಪುಸ್ತಕ ಚಂದ ಕಾಣುತ್ತಿತ್ತು, ಆದರೆ ಒಂದು ಸುಳ್ಳು ದಿನಾಂಕ ಹುಟ್ಟಿಕೊಳ್ಳುತ್ತಿತ್ತು.

ಮೂರು ನಿಯಮಗಳು

ಒಂದು: "ಇಲ್ಲ" ಮತ್ತು "ನೋಡಲಿಲ್ಲ" ಎರಡು ಬೇರೆ ಮಾತುಗಳು. ಸಭೆಗೆ ಬಂದು ಉಳಿತಾಯ ಕಟ್ಟದವಳಿಗೂ ಸಭೆಗೇ ಬಾರದವಳಿಗೂ ನಾವು ಪುಸ್ತಕದಲ್ಲಿ ಒಂದೇ ಗುರುತು ಹಾಕುತ್ತೇವೆಯೇ? ಇಲ್ಲವಷ್ಟೆ. ಮರವನ್ನು ನೋಡಿದ್ದೇವೆ, ಹೂ ಇರಲಿಲ್ಲ ಎಂದರೆ "ಇಲ್ಲ". ಹೋಗಲು ಆಗಲಿಲ್ಲ ಎಂದರೆ "ನೋಡಲಿಲ್ಲ". ಆ್ಯಪ್‌ನಲ್ಲಿ ಆ ವಾರವನ್ನು ಬಿಟ್ಟುಬಿಡಿ.

ಎರಡು: "ಇಲ್ಲ" ಎಂಬುದೂ ಮಾಹಿತಿಯೇ. ಎಷ್ಟೋ ಮಂದಿ ಹೂ ಬಂದಾಗ ಉತ್ಸಾಹದಿಂದ ಬರೆಯುತ್ತಾರೆ. ಏನೂ ಇಲ್ಲದ ತಿಂಗಳುಗಳಲ್ಲಿ "ಬರೆಯಲು ಏನಿದೆ" ಎಂದು ಬಿಟ್ಟುಬಿಡುತ್ತಾರೆ. ಆದರೆ ಹೂ ಯಾವಾಗ ಶುರುವಾಯಿತು ಎಂದು ಹೇಳಬೇಕಾದರೆ ಅದಕ್ಕೆ ಹಿಂದಿನ ವಾರ ಇರಲಿಲ್ಲ ಎಂಬುದು ಬರೆದಿರಬೇಕು. ಖಾಲಿ ವಾರಗಳೇ ತುಂಬಿದ ವಾರಕ್ಕೆ ಸಾಕ್ಷಿ.

ಮೂರು: ತಿಂಗಳ ಕೊನೆಗೆ ಕುಳಿತು ನಾಲ್ಕು ವಾರದ್ದು ಒಟ್ಟಿಗೆ ಬರೆಯಬಾರದು. ಪಕ್ಕದ ಮನೆಯವರ ಪುಸ್ತಕ ನೋಡಿಯೂ ಬರೆಯಬಾರದು. ಎರಡು ಮನೆಯ ಮರಗಳಲ್ಲಿ ವ್ಯತ್ಯಾಸ ಇದ್ದರೆ ತಪ್ಪಾಯಿತೆಂದು ಹೆದರಬೇಡಿ. ಆ ವ್ಯತ್ಯಾಸವೇ ವಿಜ್ಞಾನಿಗಳಿಗೆ ಬೇಕಾದದ್ದು. ಚೆಕ್ ಮಾಡುವವರು ಬರುತ್ತಾರೆಂದು ಪುಸ್ತಕ ಸರಿಮಾಡಿ ಇಡುವ ಅಭ್ಯಾಸ ಇಲ್ಲಿ ಬೇಡವೇ ಬೇಡ.

ಮಲ್ಲಿಗೆಯ ಲೆಕ್ಕ

"ನಮ್ಮ ಜೀವನ ಇರುವುದು ಮಲ್ಲಿಗೆಯಲ್ಲಿ, ಮರದಲ್ಲಿ ಅಲ್ಲ" ಎಂದು ನಿಮ್ಮಲ್ಲಿ ಕೆಲವರು ಹೇಳಬಹುದು. ಸರಿಯಾದ ಮಾತು. ಸೀಸನ್‌ವಾಚ್ ಮರಗಳಿಗಾಗಿ ಇರುವುದರಿಂದ ಮಲ್ಲಿಗೆ ಗಿಡವನ್ನು ಅದರಲ್ಲಿ ಸೇರಿಸಲಾಗದು. ಆದರೆ ನಿಮ್ಮ ಪುಸ್ತಕಕ್ಕೆ ಅಂಥ ಅಡ್ಡಿ ಇಲ್ಲ.

ನಿಜ ಹೇಳಬೇಕೆಂದರೆ ಮಲ್ಲಿಗೆ ಬೆಳೆಯುವ ಹೆಂಗಸರು ಬಹಳ ಹಿಂದಿನಿಂದ ಮಾಹಿತಿ ಸಂಗ್ರಹ ಮಾಡುತ್ತಲೇ ಇದ್ದಾರೆ. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ, 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ದಿನಾ ಎಣಿಸುವವರು ನೀವೇ. ಉಡುಪಿ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆದರೆ ದಿನಕ್ಕೆ ಎಷ್ಟು ಹೂ ಆಯಿತು ಎಂಬ ಲೆಕ್ಕ ಹಣ ಕೈಗೆ ಬಂದ ಕೂಡಲೇ ಮರೆತುಹೋಗುತ್ತದೆ. ಚೀಟಿ ಒಲೆಗೆ ಹೋಗುತ್ತದೆ. ಹತ್ತು ಮನೆಯವರು ಐದು ವರ್ಷ ದಿನಾಂಕ, ಹೂವಿನ ಚೆಂಡು, ಮಳೆ ಬಂತೇ ಇಲ್ಲವೇ, ಗಿಡ ಸವರಿದ ದಿನ, ಗೊಬ್ಬರ ಹಾಕಿದ ದಿನ ಇಷ್ಟನ್ನು ಬರೆದಿಟ್ಟರೆ, ಕೃಷಿ ವಿಜ್ಞಾನ ಕೇಂದ್ರದವರೋ ತೋಟಗಾರಿಕೆ ಇಲಾಖೆಯವರೋ ಬಂದಾಗ "ಹೂ ಕಡಿಮೆ" ಎಂದು ದೂರುವ ಬದಲು ಪುಸ್ತಕವನ್ನೇ ಮುಂದಿಡಬಹುದು. ಅವರ ಉತ್ತರವೂ ಆಗ ಬೇರೆಯಾಗುತ್ತದೆ.

ಇದರಿಂದ ನಮಗೇನು ಸಿಗುತ್ತದೆ?

ಈ ಪ್ರಶ್ನೆಗೆ ನೇರ ಉತ್ತರ ಕೊಡಬೇಕು. ಹಣ ಸಿಗುವುದಿಲ್ಲ. ಸಬ್ಸಿಡಿ, ಸಾಲ, ಪರಿಹಾರ ಯಾವುದೂ ಇದರಿಂದ ಬರುವುದಿಲ್ಲ. ಹಾಗೆ ಬರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಸಿಗುವುದು ಬೇರೆ. ಹಪ್ಪಳ, ಉಪ್ಪಿನಕಾಯಿ ಮಾಡುವ ಸಂಘಗಳಿಗೆ ಮಿಡಿ ಯಾವ ವಾರ ಸಿಗುತ್ತದೆ, ಹಲಸು ಯಾವಾಗ ಬಲಿಯುತ್ತದೆ ಎಂಬುದು ಎರಡು ಮೂರು ವರ್ಷದ ಪುಟ ತಿರುಗಿಸಿದರೆ ತಿಳಿಯುತ್ತದೆ. ಉಪ್ಪು, ಮೆಣಸು, ಭರಣಿ ಮೊದಲೇ ಸಿದ್ಧ ಮಾಡಬಹುದು. ಕಾಲ ಬದಲಾಗುತ್ತಿದೆ ಎಂದು ದೊಡ್ಡ ಸಭೆಗಳಲ್ಲಿ ಚರ್ಚೆಯಾಗುವಾಗ ಅದರ ಕಾಗದದಲ್ಲಿ ನಮ್ಮ ಊರಿನ ಹಲಸೂ ಒಂದು ಚುಕ್ಕಿಯಾಗಿ ಇರುತ್ತದೆ. ದಾಖಲೆ ಇಲ್ಲದ ಊರು ಆ ನಕ್ಷೆಯಲ್ಲಿ ಖಾಲಿ ಜಾಗ. ಖಾಲಿ ಜಾಗದ ಕಷ್ಟ ಯಾರಿಗೂ ಕಾಣುವುದಿಲ್ಲ. ಇನ್ನೂ ಒಂದು ವಿಷಯ. ಯಾವ ಗಾಳಿಗೆ ಹೂ ಉದುರುತ್ತದೆ, ಯಾವ ಮರ ವರ್ಷ ಬಿಟ್ಟು ವರ್ಷ ಕಾಯಿ ಬಿಡುತ್ತದೆ ಎಂಬುದು ನಮ್ಮ ಅಜ್ಜಿಯಂದಿರಿಗೆ ತಿಳಿದಿತ್ತು. ಅವರೊಂದಿಗೆ ಆ ತಿಳಿವಳಿಕೆಯ ಬಹುಪಾಲು ಹೋಯಿತು. ನಮ್ಮದಾದರೂ ಮಕ್ಕಳಿಗೆ ಉಳಿಯಲಿ.

ಎಚ್ಚರಿಕೆ ಇರಲಿ

ಆ್ಯಪ್ ಎಂದ ಕೂಡಲೇ ಕೆಲವರಿಗೆ ಹೆದರಿಕೆ. ಹೆದರಿಕೆಗೆ ಕಾರಣವೂ ಇದೆ. ಫೋನಿನಲ್ಲಿ ಸಾಲ ಕೊಡುವ ಆ್ಯಪ್‌ಗಳಿಂದ ಎಷ್ಟೋ ಕುಟುಂಬಗಳು ಕಿರುಕುಳ ಅನುಭವಿಸಿವೆ. ಅದಕ್ಕಾಗಿ ಈ ಮಾತುಗಳನ್ನು ನೆನಪಿಡಿ.

ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತಿ ಯಾವ ಆ್ಯಪನ್ನೂ ಹಾಕಬೇಡಿ. ಪ್ಲೇ ಸ್ಟೋರಿನಲ್ಲೇ ಹುಡುಕಿ, ತಯಾರಿಸಿದ ಸಂಸ್ಥೆಯ ಹೆಸರು ನೋಡಿ ಹಾಕಿ. ಮರ ನೋಡುವ ಆ್ಯಪ್‌ಗೆ ನಿಮ್ಮ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಯಾವುದೂ ಬೇಕಾಗಿಲ್ಲ. ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಫೋನಿಗೆ ಬಂದ ಒಟಿಪಿಯನ್ನು ಯಾರಿಗೂ ಹೇಳಬೇಡಿ. ಮರ ಇರುವ ಜಾಗ ದಾಖಲಾಗುವುದರಿಂದ, ಒಂಟಿಯಾಗಿ ಇರುವ ಸಹೋದರಿಯರು ಮನೆಯಂಗಳದ ಮರದ ಬದಲು ಶಾಲೆಯ ಅಥವಾ ರಸ್ತೆ ಬದಿಯ ಮರವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಫೋಟೋ ತೆಗೆಯುವಾಗ ಮಕ್ಕಳ ಮುಖ, ಮನೆಯ ಒಳಭಾಗ ಬರದಂತೆ ನೋಡಿಕೊಳ್ಳಿ.

ಸಂಘದಲ್ಲಿ ಏನು ಮಾಡಬಹುದು?

ನಮ್ಮ ಸಂಘಗಳು ವಾರಕ್ಕೊಮ್ಮೆ ಸೇರುತ್ತವೆ. ಸೀಸನ್‌ವಾಚ್ ಕೇಳುವುದೂ ವಾರಕ್ಕೊಮ್ಮೆಯ ಲೆಕ್ಕ. ವಾರದ ಶಿಸ್ತು ಬೇರೆಯವರು ಹೊಸದಾಗಿ ಕಲಿಯಬೇಕು, ನಮಗೆ ಅದು ಅಭ್ಯಾಸವಾಗಿಹೋಗಿದೆ. ಮಳೆ ಇರಲಿ, ಮನೆಯಲ್ಲಿ ನೆಂಟರಿರಲಿ, ಹತ್ತೋ ಇಪ್ಪತ್ತೋ ರೂಪಾಯಿ ಹಿಡಿದು ಸಭೆಗೆ ಬಂದು ಪುಸ್ತಕದಲ್ಲಿ ಬರೆಸಿದವರು ನಾವು. ಅದೇ ಶಿಸ್ತು ಇಲ್ಲಿ ಸಾಕು.

ಮುಂದಿನ ಸಭೆಯಲ್ಲಿ ನಿರ್ಣಯ ಪುಸ್ತಕದಲ್ಲಿ ಬರೆದು ಹೀಗೆ ಶುರು ಮಾಡಬಹುದು. ಸಂಘದಿಂದ ಐದು ಮರಗಳನ್ನು ಆರಿಸುವುದು. ಒಂದೊಂದು ಮರಕ್ಕೆ ಇಬ್ಬರು ಸದಸ್ಯೆಯರು. ಒಬ್ಬರಿಗೆ ಆಗದಿದ್ದರೆ ಇನ್ನೊಬ್ಬರು ನೋಡಲಿ. ಸಭೆಯ ದಿನ ಬರುವ ದಾರಿಯಲ್ಲಿ ಮರ ನೋಡಿ ಬರುವುದು. ಉಳಿತಾಯ ಬರೆದ ಮೇಲೆ ಐದು ನಿಮಿಷ ಮರದ ಪುಸ್ತಕ, ಆಗಲೇ ಫೋನಿನಲ್ಲಿಯೂ ದಾಖಲು. ಮೊದಲು ಒಂದು ವರ್ಷ ಮಾತ್ರ ಎಂದು ನಿಶ್ಚಯಿಸಿ. ಒಂದು ಬಿಸುವಿನಿಂದ ಇನ್ನೊಂದು ಬಿಸುವಿನವರೆಗೆ ಆದರೆ ನೆನಪಿಡಲೂ ಸುಲಭ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಊರಿನಲ್ಲಿ ಮಾವು, ಹಲಸು, ಮಲ್ಲಿಗೆಯ ಕಾಲದಲ್ಲಿ ಏನು ಬದಲಾವಣೆ ಕಂಡಿದ್ದೇವೆ? ಅದನ್ನು ತೋರಿಸಲು ನಮ್ಮ ಬಳಿ ಬರೆದದ್ದು ಏನಾದರೂ ಇದೆಯೇ?
2. "ಇಲ್ಲ" ಎಂದು ಬರೆಯುವುದಕ್ಕೂ ಬರೆಯದೆ ಬಿಡುವುದಕ್ಕೂ ಏನು ವ್ಯತ್ಯಾಸ? ನಮ್ಮ ಸಂಘದ ಪುಸ್ತಕದಿಂದ ಒಂದು ಉದಾಹರಣೆ ಹೇಳಿ.
3. ನಮ್ಮಲ್ಲಿ ಅತಿ ಹಿರಿಯ ಸದಸ್ಯೆಗೆ ಮರಗಳ ಬಗ್ಗೆ ಏನೇನು ಗೊತ್ತಿದೆ? ಅದನ್ನು ಯಾರು ಕುಳಿತು ಬರೆದುಕೊಳ್ಳುತ್ತಾರೆ?
4. ಯಾವ ಐದು ಮರಗಳು? ಯಾರು ಯಾರು ನೋಡುವುದು? ಫೋನ್ ಯಾರದ್ದು?

ನಾಲ್ಕನೇ ಪ್ರಶ್ನೆಗೆ ಉತ್ತರ ಸಿಕ್ಕಿದ ಸಭೆಯಲ್ಲೇ ಹೆಸರುಗಳನ್ನು ಬರೆದುಬಿಡಿ. ಮೊದಲ ವಾರದ ಪುಟದಲ್ಲಿ ಎಲ್ಲ ಕಡೆ "ಇಲ್ಲ" ಎಂದೇ ಬಂದರೂ ಬೇಸರ ಬೇಡ. ದಿನಾಂಕ ಹಾಕಿ, ಸಹಿ ಮಾಡಿ, ಮುಂದಿನ ವಾರ ಪುನಃ ನೋಡಿ.